ಬಿಯರ್ ‘ಕಾಯಿಸುವುದೋ’, ‘ಹುದುಗಿಸುವುದೋ’, ‘ಹಾಕುವುದೋ’?

ಎಲ್ಲರಿಗೂ ನಮಸ್ಕಾರ.

ಒಂದು ಪದ ಕೇಳಬೇಕಿತ್ತು. ಬರೆಯಲು ಕೂತರೆ ಅದರ ಹಿಂದೆ ಇನ್ನೂ ಮೂರು ಬಂದವು.

ನಾನಿರುವುದು ಅಮೆರಿಕದ ಆರೆಗನ್‌ನಲ್ಲಿ. ಮನೆ ಬಳಕೆಗೆ ಬಿಯರ್ ಮಾಡಿಕೊಳ್ಳಲು ಇಲ್ಲಿ 1978ರಲ್ಲೇ ಕೇಂದ್ರದ ಕಾನೂನು ಅವಕಾಶ ಕೊಟ್ಟಿದೆ. ಎರಡು ತಿಂಗಳಿಗೊಮ್ಮೆ 19 ಲೀಟರ್ ಪೇಲ್ ಏಲ್ ಎಂಬ ಬಗೆಯ ಬಿಯರ್ ಮಾಡುತ್ತೇನೆ, ಹಾಪ್ಸ್ (ಬಿಯರ್‌ಗೆ ಕಹಿ, ಪರಿಮಳ ಕೊಡುವ ಹೂವು) ಜಾಸ್ತಿ ಇರುವಂಥದ್ದು. ಟೊರೊಂಟೊದಲ್ಲಿರುವ ಚಿಕ್ಕಪ್ಪನ ಮಗ, ‘ಅಣ್ಣ, ಮಾಡುವ ಕ್ರಮ ಕನ್ನಡದಲ್ಲೇ ಬರೆದು ಕಳಿಸು’ ಅಂದ. ಮೊದಲ ಸಾಲಿನ ಕ್ರಿಯಾಪದದಲ್ಲೇ ಸಿಕ್ಕಿಕೊಂಡೆ.

‘ಬಿಯರ್ ಭಟ್ಟಿ ಇಳಿಸುವುದು’ ಎಂದು ಬರೆಯುವವರಿದ್ದಾರೆ. ಇದು ತಪ್ಪು, ಇದರಲ್ಲಿ ನನಗೆ ಅನುಮಾನವೇ ಇಲ್ಲ. ಭಟ್ಟಿಯಲ್ಲಿ ಕಾಯಿಸಿದ್ದು ಆವಿಯಾಗಿ, ತಣಿದು, ಹನಿಹನಿಯಾಗಿ ಇಳಿಯಬೇಕು. ಸಾರಾಯಿ, ವಿಸ್ಕಿಗೆ ಸರಿ. ಬಿಯರ್‌ನಲ್ಲಿ ಹಾಗೆ ಇಳಿಯುವುದು ಏನೂ ಇಲ್ಲ. ‘ಕಾಯಿಸು’ ಎನ್ನೋಣ ಅಂದರೆ, ಒಲೆಯ ಮೇಲೆ ಕುದಿಯುವುದು ಒಂದು ಗಂಟೆ ಮಾತ್ರ, ಆ ಹೊತ್ತಿಗೆ ಅದರಲ್ಲಿ ಮದ್ಯದ ಅಂಶವೇ ಇರುವುದಿಲ್ಲ. ‘ಹುದುಗಿಸು’ ಮುಂದಿನ ಎರಡು ವಾರಕ್ಕೆ ಒಪ್ಪುತ್ತದೆ, ಆದರೆ ಮೊದಲ ದಿನದ ಐದಾರು ಗಂಟೆ ಕೆಲಸ ಅದರೊಳಗೆ ಬರುವುದಿಲ್ಲ.

ನನಗೆ ಹಿಡಿಸಿದ್ದು ‘ಹಾಕು’. ‘ಈ ವರ್ಷ ಮಾವಿನ ಉಪ್ಪಿನಕಾಯಿ ಹಾಕಿದ್ದೀವಿ’ ಅಂತೀವಲ್ಲ, ಆ ಹಾಕು. ಹೆಚ್ಚುವುದು, ಉಪ್ಪು ಬೆರೆಸುವುದು, ಜಾಡಿಗೆ ತುಂಬಿ ಬಟ್ಟೆ ಕಟ್ಟುವುದು, ಕಾಯುವುದು, ಎಲ್ಲವೂ ಆ ಒಂದು ಮಾತಿನಲ್ಲಿದೆ. ‘ಶನಿವಾರ ಒಂದು ಪೇಲ್ ಏಲ್ ಹಾಕಿದೆ’ ಅಂದರೆ ಕಿವಿಗೆ ಸರಿಯಾಗಿ ಕೇಳುತ್ತದಾ?

ಎರಡನೆಯ ಪದ ಕೊಟ್ಟಿದ್ದು ಅಮ್ಮ. ಕಳೆದ ಬೇಸಿಗೆಯಲ್ಲಿ ಹಾಸನದಿಂದ ಬಂದಿದ್ದರು. ನಾನು ಮೊಳಕೆ ಬರಿಸಿ ಒಣಗಿಸಿದ ಬಾರ್ಲಿಯನ್ನು, ಅಂದರೆ ಜವೆಗೋಧಿಯನ್ನು, ತರಿತರಿಯಾಗಿ ಒಡೆದು ಬಿಸಿನೀರಿಗೆ ಹಾಕಿದ್ದೆ. ಸುಮಾರು 5 ಕೆಜಿ. 67 ಡಿಗ್ರಿಯಲ್ಲಿ ಒಂದು ಗಂಟೆ ಹಾಗೇ ಬಿಟ್ಟರೆ ಕಾಳಿನ ಪಿಷ್ಟ ಸಕ್ಕರೆಯಾಗುತ್ತದೆ. ಆಮೇಲೆ ನೀರನ್ನು ಬಸಿಯುವುದು. ಜೇನಿನ ಬಣ್ಣದ ನೀರು ಪಾತ್ರೆಗೆ ಇಳಿಯುತ್ತಿತ್ತು. ಅಮ್ಮ ಒಂದು ಚಮಚ ಹಿಡಿದು, ಊದಿ, ನಾಲಿಗೆಗೆ ಇಟ್ಟುಕೊಂಡು ‘ಇದು ಕಟ್ಟು ಅಲ್ವೇನೋ? ಸಿಹಿ ಕಟ್ಟು’ ಅಂದರು.

ಹೌದಲ್ಲ! ಹುರುಳಿ ಕಟ್ಟು, ಬೇಳೆ ಕಟ್ಟು. ಕಾಳು ಬೇಯಿಸಿ ಬಸಿದ, ಸತ್ವವೆಲ್ಲ ಇಳಿದ ನೀರು. ಇಂಗ್ಲಿಷಿನವರು ‘ವರ್ಟ್’ ಎನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಪದ ಬೇಕಾಗಿಲ್ಲ ಅಂತ ನನ್ನ ಅನಿಸಿಕೆ. ಉಳಿದ ಕಾಳಿನ ಸಿಪ್ಪೆಗೆ ‘ಚರಟ’ ಎಂದು ಬರೆದಿದ್ದೇನೆ. ಕೊನೆಗೆ ತಳದಲ್ಲಿ ಕೂರುವುದಕ್ಕೆ ‘ಗಸಿ’. ಕರಾವಳಿಯವರಿಗೆ ಗಸಿ ಅಂದರೆ ಊಟದ ಪದಾರ್ಥ ಎಂದು ಗೊತ್ತು, ಅವರು ಬೇರೆ ಪದ ಹೇಳಿದರೆ ಬದಲಿಸುತ್ತೇನೆ.

ಯೀಸ್ಟ್‌ಗೆ ‘ಹೆಪ್ಪು’ ಬೇಡ ಅನಿಸಿತು. ಹೆಪ್ಪು ಬಿದ್ದರೆ ಗಟ್ಟಿಯಾಗಬೇಕು, ಇದು ಆಗುವುದಿಲ್ಲ. ‘ಕಿಣ್ವ’ ಇದೆ. ಸಂಸ್ಕೃತದಲ್ಲಿ ಅದು ಮದ್ಯ ಹುದುಗಿಸಲು ಹಾಕುವ ಬೀಜದ ಹೆಸರೇ ಆಗಿತ್ತು. ಆದರೆ ನಮ್ಮ ವಿಜ್ಞಾನದ ಪಠ್ಯಗಳಲ್ಲಿ ಕಿಣ್ವ ಎಂದರೆ ಎಂಜೈಮ್. ಗಮನಿಸಿ, ಎಂಜೈಮ್ ಎಂಬ ಪದಕ್ಕೂ ಗ್ರೀಕ್ ಮೂಲದಲ್ಲಿ ‘ಯೀಸ್ಟ್ ಒಳಗಿನದು’ ಎಂದೇ ಅರ್ಥ. ಎರಡೂ ಕಡೆ ಪದ ಒಂದೇ ದಾರಿ ಹಿಡಿದಿದೆ. ಬಿಯರ್‌ನಲ್ಲಿ ಮಾತ್ರ ತೊಂದರೆ: ಕಾಳಿನ ಪಿಷ್ಟವನ್ನು ಸಕ್ಕರೆ ಮಾಡುವುದು ಎಂಜೈಮ್, ಸಕ್ಕರೆಯನ್ನು ಮದ್ಯ ಮಾಡುವುದು ಯೀಸ್ಟ್. ಎರಡನ್ನೂ ಕಿಣ್ವ ಅಂದರೆ ಓದುವವನು ದಾರಿ ತಪ್ಪುತ್ತಾನೆ. ಹಾಗಾಗಿ ಸುಮ್ನೆ ಯೀಸ್ಟ್ ಎಂದೇ ಬಿಟ್ಟೆ.

‘ಪೇಲ್’ಗೆ ‘ತಿಳಿ’ ಎನ್ನಬಹುದಿತ್ತು, ತಿಳಿಹಳದಿ ಅಂದ ಹಾಗೆ. ಆದರೆ ತಿಳಿ ಅಂದರೆ ಕದಡದ್ದು ಎಂದೂ ಆಗುತ್ತದೆ, ಹಾಪ್ಸ್ ಜಾಸ್ತಿಯಾದ ನನ್ನ ಬಿಯರ್ ಯಾವಾಗಲೂ ಸ್ವಲ್ಪ ಕದಡಿಕೊಂಡೇ ಇರುತ್ತದೆ. ಬಣ್ಣ ತಿಳಿ, ನೀರು ತಿಳಿಯಲ್ಲ. ‘ನಸುಬಣ್ಣದ’ ಸಾಕೇ?

ಈಗ ನಿಜವಾಗಿ ಕಷ್ಟದ್ದು: ‘ಹಾಪಿ’, ಅಂದರೆ ಹಾಪ್ಸ್‌ನ ಗುಣ ಎದ್ದು ಕಾಣುವ ಬಿಯರ್‌ಗೆ ಹೇಳುವ ಮಾತು. ನಾನು ಬಳಸುವುದು ಕ್ಯಾಸ್ಕೇಡ್ ಹಾಪ್ಸ್. ಇಲ್ಲೇ ಕೊರ್ವಾಲಿಸ್‌ನಲ್ಲಿ ಬೆಳೆಸಿ 1972ರಲ್ಲಿ ಬಿಡುಗಡೆ ಮಾಡಿದ ತಳಿ. 1980ರಲ್ಲಿ ಕ್ಯಾಲಿಫೋರ್ನಿಯಾದ ಚಿಕೋದಲ್ಲಿ ಸಿಯೆರಾ ನೆವಾಡಾ ಎಂಬ ಬಿಯರ್ ಕಂಪನಿಯವರು ಇದನ್ನೇ ಹಾಕಿ ಪೇಲ್ ಏಲ್ ಮಾಡಿದ ಮೇಲೆ ಅಮೆರಿಕದ ಪೇಲ್ ಏಲ್ ಅಂದರೆ ಈ ಪರಿಮಳ ಅಂತಾಯಿತು. ಹಸಿರು ಹೂವನ್ನು ಅಂಗೈಯಲ್ಲಿ ಉಜ್ಜಿದರೆ ಹಳದಿ ಪುಡಿ ಅಂಟಿಕೊಳ್ಳುತ್ತದೆ. ಮೂಸಿದರೆ ಥೇಟ್ ಚಕ್ಕೋತದ ಸಿಪ್ಪೆ ಸುಲಿದ ವಾಸನೆ, ಜೊತೆಗೆ ಒಂದಿಷ್ಟು ಅಂಟುರಾಳದ್ದು. ಕುದಿಯ ಶುರುವಿನಲ್ಲಿ ಹಾಕಿದ ಹೂವು ಕಹಿ ಕೊಡುತ್ತದೆ, ಪರಿಮಳ ಆವಿಯಲ್ಲಿ ಹಾರಿಹೋಗುತ್ತದೆ. ಒಲೆ ಆರಿಸುವಾಗ ಹಾಕಿದ್ದು ಪರಿಮಳ ಉಳಿಸುತ್ತದೆ, ಸಾರಿಗೆ ಕೊತ್ತಂಬರಿ ಸೊಪ್ಪು ಕೊನೆಗೆ ಹಾಕುವ ಹಾಗೆ. ಹುದುಗಿದ ಮೇಲೆ ಬಿಸಿ ತಾಗಿಸದೆ ಇನ್ನೊಂದು 50 ಗ್ರಾಂ ಹಾಕಿ ಮೂರು ನಾಲ್ಕು ದಿನ ಬಿಡುತ್ತೇವೆ. ಇಂಗ್ಲಿಷಿನವರು ಇದನ್ನು ಡ್ರೈ ಹಾಪಿಂಗ್ ಅನ್ನುತ್ತಾರೆ. ‘ಒಣ ಹಾಪ್’ ಎಂದರೆ ಏನೂ ತಿಳಿಯುವುದಿಲ್ಲ. ‘ಹೂ ನೆನೆಹಾಕುವುದು’ ಎಂದು ಬರೆದೆ.

ಹಾಗಾಗಿ ಹಾಪಿ ಅಂದರೆ ಬರೀ ಕಹಿಯಲ್ಲ, ಬರೀ ಕಂಪೂ ಅಲ್ಲ. ‘ಘಾಟು’ ಮೆಣಸಿನಕಾಯಿಗೆ, ಹೊಗೆಸೊಪ್ಪಿಗೆ ಹೋಗುತ್ತದೆ. ‘ಒಗರು’ ನಾಲಿಗೆ ಒಣಗಿಸುವ ರುಚಿ, ಬಿಯರ್‌ನಲ್ಲಿ ಅದು ಬಂದರೆ ದೋಷ. ಹೇರಳೆಕಾಯಿ ಸಿಪ್ಪೆಯಲ್ಲಿ ಕಹಿಯೂ ಕಂಪೂ ಒಟ್ಟಿಗೆ ಇರುತ್ತವಲ್ಲ, ಅದಕ್ಕೆ ನಿಮ್ಮ ಮನೆಯಲ್ಲಿ ಏನಾದರೂ ಒಂದೇ ಮಾತು ಇದೆಯಾ? ಇದ್ದರೆ ನನಗೆ ಅದೇ ಬೇಕು.

ಇನ್ನೊಂದು. ಕೊಡಗಿನ ಮನೆಗಳಲ್ಲಿ ವೈನ್ ಮಾಡುವವರು ಕನ್ನಡದಲ್ಲಿ ಮಾತಾಡುವಾಗ ಯಾವ ಕ್ರಿಯಾಪದ ಬಳಸುತ್ತೀರಿ? ಹೆಂಡ ಇಳಿಸುವ ಮನೆತನದವರು, ಈಚಲ ನೀರು ಹುಳಿಯೇರುವುದಕ್ಕೆ ಏನನ್ನುತ್ತೀರಿ? ಈ ಶನಿವಾರ ಬಾಟಲಿ ತುಂಬಬೇಕು. ಚೀಟಿಯ ಮೇಲೆ ‘ತುಂಬಿದ್ದು’ ಎಂದು ಬರೆದು ತಾರೀಕು ಹಾಕಿದ್ದೇನೆ. ಅದರ ಮೇಲಿನ ಸಾಲಿನಲ್ಲಿ ‘ಹಾಕಿದ್ದು’ ಎಂದು ಬರೆಯಬಹುದಾ, ಹೇಳಿ.