ರಾಜರಿಲ್ಲದ ರೋಮ್‌ನಲ್ಲಿ ಉಳಿದ ‘ರಾಜ’ನಿಗೆ ಕನ್ನಡದಲ್ಲಿ ಏನನ್ನೋಣ?

ಎಲ್ಲರಿಗೂ ನಮಸ್ಕಾರ.

ಹಳೆಯ ರೋಮ್ ಬಗ್ಗೆ ಹೈಸ್ಕೂಲ್ ಮಕ್ಕಳಿಗಾಗಿ ಒಂದು ಬರಹ ಬರೆಯುತ್ತಿದ್ದೇನೆ. ಅದರಲ್ಲಿ ಬರುವ ‘ರೆಕ್ಸ್ ಸಾಕ್ರೋರುಮ್’ ಎಂಬ ಹುದ್ದೆಗೆ ಒಪ್ಪುವ ಕನ್ನಡ ಪದ ಬೇಕು. ರೆಕ್ಸ್ ಎಂದರೆ ರಾಜ. ಸಾಕ್ರೋರುಮ್ ಎಂದರೆ ದೇವರ ಕಾರ್ಯಗಳ.

ರೋಮನ್ನರು ಹೇಳಿಕೊಂಡು ಬಂದಂತೆ, ಕ್ರಿ.ಪೂ. 509ರಲ್ಲಿ ಕೊನೆಯ ರಾಜ ತಾರ್ಕ್ವಿನಿಯಸ್‌ನನ್ನು ಊರಿನಿಂದ ಓಡಿಸಿದರು. ಆಮೇಲೆ ವರ್ಷಕ್ಕಿಬ್ಬರಂತೆ ಆರಿಸಿ ಬರುವ ಕಾನ್ಸಲ್ ಎಂಬ ಅಧಿಕಾರಿಗಳ ಆಡಳಿತ. ಆದರೆ ಕೆಲವು ಬಲಿಪೂಜೆಗಳನ್ನು ಅಲ್ಲಿಯವರೆಗೆ ರಾಜನೇ ಮಾಡಬೇಕಿತ್ತು. ರಾಜ ಹೋದ ಅಂತ ದೇವರ ಕೆಲಸ ನಿಲ್ಲಿಸೋಕಾಗುತ್ತಾ? ಆ ಕೆಲಸಕ್ಕೆಂದೇ ಒಬ್ಬ ಅರ್ಚಕನನ್ನು ನೇಮಿಸಿ, ಅವನನ್ನು ‘ರಾಜ’ ಅಂತಲೇ ಕರೆದರು. ಅವನ ಹೆಂಡತಿ ‘ರಾಣಿ’, ಅವಳಿಗೂ ಅವಳದೇ ಪೂಜೆಗಳಿದ್ದವು. ಹುದ್ದೆ ಜೀವನಪೂರ್ತಿ. ಆದರೆ ರಾಜಕೀಯದ ಬೇರೆ ಯಾವ ಅಧಿಕಾರವನ್ನೂ ಹಿಡಿಯುವಂತಿಲ್ಲ. ಹೆಸರು ದೊಡ್ಡದು, ಕೈಯಲ್ಲಿ ಏನೂ ಇಲ್ಲ.

ಪ್ರತಿ ವರ್ಷ ಫೆಬ್ರವರಿ 24ರಂದು ಈ ‘ರಾಜ’ ಊರಿನ ಸಭೆ ಸೇರುವ ಕೊಮಿಟಿಯುಮ್‌ಗೆ ಬಂದು ಬಲಿ ಕೊಡುತ್ತಿದ್ದ. ಕೊಟ್ಟ ಕೂಡಲೇ ಅಲ್ಲಿಂದ ಓಡಿ ಹೋಗಬೇಕು. ಆ ದಿನದ ಹೆಸರೇ ‘ರೆಗಿಫುಗಿಯುಮ್’, ರಾಜ ಓಡುವ ದಿನ. ತಾರ್ಕ್ವಿನಿಯಸ್ ಓಡಿಹೋದದ್ದರ ನೆನಪು ಇದು ಎಂದು ರೋಮನ್ನರಲ್ಲೇ ಹಲವರು ಹೇಳುತ್ತಿದ್ದರು. ಇತ್ತ ರಾಜನನ್ನು ಉಳಿಸಿಕೊಂಡು, ಅತ್ತ ವರ್ಷವರ್ಷವೂ ಓಡಿಸುವುದು! ನನಗೆ ಈ ಭಾಗ ಬರೆಯುವಾಗ ಸಿಕ್ಕಿದ ಖುಷಿ ಅಷ್ಟಿಷ್ಟಲ್ಲ.

ಈಗ ಪದದ ವಿಷಯ. ‘ರಾಜಪುರೋಹಿತ’ ಎಂದರೆ ರಾಜನ ಮನೆಯ ಪುರೋಹಿತ ಎಂದಾಗುತ್ತದೆ, ಇಲ್ಲಿ ಅಂಥ ರಾಜನೇ ಇಲ್ಲ. ‘ಬಲಿರಾಜ’ ಎಂದರೆ ದೀಪಾವಳಿಯ ಬಲಿ ಚಕ್ರವರ್ತಿಯೇ ಕಣ್ಮುಂದೆ ಬಂದು ನಿಲ್ಲುತ್ತಾನೆ. ‘ಯಜ್ಞರಾಜ’ ಕೇಳೋಕೆ ಚೆನ್ನಾಗಿದೆ, ಆದರೆ ಶ್ರೇಷ್ಠ ಯಜ್ಞ ಅನ್ನೋ ಅರ್ಥವೂ ಬರುತ್ತೆ ಅಲ್ವಾ? ಸದ್ಯಕ್ಕೆ ‘ಪೂಜೆಯ ಅರಸ’ ಎಂದು ಬರೆದಿದ್ದೇನೆ. ‘ರಾಜ’ ಅಥವಾ ‘ಅರಸ’ ಪದದಲ್ಲಿ ಇರಲೇಬೇಕು ಅನ್ನುವುದು ನನ್ನ ಹಟ. ಅದನ್ನು ಬಿಟ್ಟು ‘ಪ್ರಧಾನ ಅರ್ಚಕ’ ಎಂದರೆ ವಿಷಯವೇ ಹೋಯಿತು. ಅದೂ ಅಲ್ಲದೆ ಪ್ರಧಾನ ಅರ್ಚಕ ಎನ್ನಬಹುದಾದವನು ಬೇರೆಯೇ ಇದ್ದಾನೆ, ಪಾಂಟಿಫೆಕ್ಸ್ ಮ್ಯಾಕ್ಸಿಮಸ್. ನಮ್ಮ ‘ರಾಜ’ ಅವನ ಕೈಕೆಳಗಿನವನು.

ಇದಕ್ಕೆ ಅಂಟಿಕೊಂಡೇ ಇನ್ನೊಂದು ಪ್ರಶ್ನೆ. ಪೂಜೆಯಲ್ಲಿ ಸಲ್ಲುತ್ತಿದ್ದ ‘ರೆಕ್ಸ್’ ರಾಜಕೀಯದಲ್ಲಿ ಬೈಗುಳದಂತಾಗಿತ್ತು. ಕ್ರಿ.ಪೂ. 44ರ ಫೆಬ್ರವರಿಯಲ್ಲಿ, ಲುಪರ್ಕಾಲಿಯಾ ಹಬ್ಬದ ದಿನ, ಆಗ ರೋಮ್‌ನ ಅಧಿಕಾರವೆಲ್ಲ ಕೈಯಲ್ಲಿದ್ದ ಸೀಸರ್‌ಗೆ ಅವನ ಕಡೆಯವನೇ ಆದ ಆಂಟನಿ ರಾಜರು ತಲೆಗೆ ಕಟ್ಟುವ ಪಟ್ಟಿ ಕೊಡಲು ಬಂದ, ಸೀಸರ್ ಜನರೆದುರು ಬೇಡವೆಂದ. ಆದರೂ ಮಾರ್ಚ್ 15ಕ್ಕೆ ಕೊಲೆಯಾದ. ಮುಂದೆ ರೋಮ್ ಆಳಿದ ಅವನ ದತ್ತುಮಗ ಅಗಸ್ಟಸ್ ಇದನ್ನೆಲ್ಲ ತಿಳಿದಿದ್ದವನು. ಸೆನೆಟ್ ಎಂಬ ಹಿರಿಯರ ಸಭೆ, ಕಾನ್ಸಲ್, ಚುನಾವಣೆ ಯಾವುದನ್ನೂ ತೆಗೆಯಲಿಲ್ಲ. ತನ್ನನ್ನು ‘ಪ್ರಿಂಕೆಪ್ಸ್’, ಅಂದರೆ ಎಲ್ಲರಲ್ಲಿ ಮೊದಲಿನವನು ಎಂದು ಮಾತ್ರ ಕರೆದುಕೊಂಡ. ನಮ್ಮ ಪಠ್ಯಗಳಲ್ಲಿ ಅವನು ಸೀದಾ ‘ಚಕ್ರವರ್ತಿ’. ಅವನು ಜಾಗ್ರತೆಯಿಂದ ಮುಚ್ಚಿಟ್ಟಿದ್ದನ್ನು ನಾವು ಒಂದೇ ಪದದಲ್ಲಿ ಬಿಚ್ಚಿಬಿಡುತ್ತೇವೆ. ‘ಮೊದಲಿಗ’ ಎಂದರೆ ಮಕ್ಕಳಿಗೆ ಅರ್ಥವಾದೀತೇ? ‘ಅಗ್ರಗಣ್ಯ’ ನನಗೆ ಸನ್ಮಾನಪತ್ರದ ಮಾತಿನಂತೆ ಕೇಳುತ್ತದೆ.

ಎರಡಕ್ಕೂ ನಿಮ್ಮ ಸಲಹೆ ಬೇಕು. ನಿಮ್ಮ ಊರಿನ ಕಡೆ ದೇವರ ಕಾರ್ಯಕ್ಕಷ್ಟೇ ‘ಅರಸು’, ‘ದೊರೆ’ ಎನಿಸಿಕೊಳ್ಳುವವರು ಇದ್ದರೆ, ಅವರನ್ನು ಏನೆಂದು ಕರೆಯುತ್ತಾರೆ ಎಂಬುದನ್ನೂ ದಯವಿಟ್ಟು ಬರೆಯಿರಿ.