ಜೋರು ಕರೆಂಟ್ (ಕಡಲ ನೀರಿನ ಸೆಳೆತ) ಇರುವ ದ್ವೀಪಗಳಿಗೆ ಹೊಸ ಡೈವರ್‌ಗಳು ಹೋಗಬಹುದಾ?

ನೀಲಿಫಿನ್: ಓಪನ್ ವಾಟರ್ ಕಾರ್ಡ್ (ಸ್ಕೂಬಾ ಡೈವಿಂಗ್‌ನ ಮೊದಲ ಹಂತದ ಪ್ರಮಾಣಪತ್ರ) ಕೈಗೆ ಬಂದ ತಕ್ಷಣ ಎಲ್ಲರೂ ಇಂಡೋನೇಷ್ಯಾದ ಕೊಮೊಡೊಗೆ ಟಿಕೆಟ್ ಬುಕ್ ಮಾಡುತ್ತಿದ್ದಾರೆ. ಸ್ವಲ್ಪ ತಡೆಯಿರಿ. ಶಾಂತಸಾಗರದ ಕಡೆಯ ನೀರು ದ್ವೀಪಗಳ ಸಂದಿಯಲ್ಲಿ ನುಗ್ಗಿ ಹಿಂದೂ ಮಹಾಸಾಗರಕ್ಕೆ ಹೋಗುವ ಜಾಗ ಅದು. ಸಂದಿ ಕಿರಿದಾದಷ್ಟೂ ಓಟ ಜಾಸ್ತಿ. ಅಲ್ಲಿನ ಡೈವ್ ಜಾಗ ಬಾತು ಬೊಲೊಂಗ್‌ನಲ್ಲಿ ಬಂಡೆಯ ಮರೆಯಲ್ಲೇ ಅತ್ತಿಂದಿತ್ತ ಈಜುತ್ತಾ ಮೇಲೆ ಬರಬೇಕು. ಅಂಚು ದಾಟಿದರೆ ನೀರು ಕೆಳಕ್ಕೆ ಎಳೆಯುತ್ತದೆ. ಕನಿಷ್ಠ 50 ಡೈವ್ ಆಗದವರನ್ನು ಅಲ್ಲಿ ಇಳಿಸಲೇಬಾರದು.

ಗುಳ್ಳೆರಾಯ: "ಕನಿಷ್ಠ 50 ಡೈವ್." ಈ 50 ಎಲ್ಲಿಂದ ಬಂತು ಸಾರ್? ಕೊಳದಂಥ ನೀರಿನಲ್ಲಿ 50 ಸಲ ಮುಳುಗಿ ಎದ್ದವನಿಗೂ ಕರೆಂಟ್ ಅಂದ್ರೆ ಏನಂತ ಗೊತ್ತಿರುವುದಿಲ್ಲ. 2014ರಲ್ಲಿ ಬಾಲಿ ಪಕ್ಕದ ನೂಸಾ ಪೆನಿಡಾ ಹತ್ತಿರ ಏಳು ಜಪಾನಿ ಡೈವರ್‌ಗಳು ತೇಲಿಹೋದರಲ್ಲ, ಅವರಲ್ಲಿ ಇನ್‌ಸ್ಟ್ರಕ್ಟರ್‌ಗಳೇ ಇದ್ದರು. ಐವರು ಬದುಕಿದರು, ಇಬ್ಬರು ಹೋದರು. ಅನುಭವ ಕಾಪಾಡಿತಾ?

ತೆರೆಮರಿ: "ಅನುಭವ ಕಾಪಾಡಿತಾ?" ಕಾಪಾಡಬೇಕಾಗಿದ್ದದ್ದು ದೋಣಿ. ದೋಣಿಯವರಿಗೆ ಅವರು ಕಾಣಲೇ ಇಲ್ಲ, ಅಷ್ಟೇ ಕಥೆ. 2008ರಲ್ಲಿ ಕೊಮೊಡೊದಲ್ಲೂ ಹೀಗೇ ಆಯ್ತು. ಐದು ಜನ ತೇಲಿ ರಿಂಚಾ ದ್ವೀಪದ ದಡ ಸೇರಿದರು. ಚಿಪ್ಪುಮೀನು ತಿಂದುಕೊಂಡು, ಹತ್ತಿರ ಬಂದ ಕೊಮೊಡೊ ಡ್ರ್ಯಾಗನ್‌ಗೆ ಕಲ್ಲು ಹೊಡೆದುಕೊಂಡು ಕಾದರು. ಅಲೆಗಳ ನಡುವೆ ಕಪ್ಪು ಹುಡ್ ಹಾಕಿದ ತಲೆ ತೇಲುವ ತೆಂಗಿನಕಾಯಿಯಷ್ಟೂ ಕಾಣುವುದಿಲ್ಲ ಸ್ವಾಮಿ. ಪ್ರತಿಯೊಬ್ಬರ ಹತ್ತಿರವೂ ಕಿತ್ತಳೆ ಬಣ್ಣದ ಸಿಗ್ನಲ್ ಟ್ಯೂಬ್ (ಗಾಳಿ ತುಂಬಿದರೆ ನೀರಿನ ಮೇಲೆ ಎದ್ದು ಕಾಣುವ ಕೊಳವೆ) ಇರಬೇಕು. ಗುಂಪಿಗೆ ಒಂದಲ್ಲ, ತಲೆಗೊಂದು. ಅದನ್ನು 5 ಮೀಟರ್ ಆಳದಿಂದ ಗಾಳಿ ತುಂಬಿ ಬಿಡಲು ಬರಬೇಕು. ಇದು ಬಂದರೆ ಹೊಸಬರೂ ಹೋಗಲಿ.

ನೀಲಿಫಿನ್: "ಹೊಸಬರೂ ಹೋಗಲಿ" ಅಂತ ಹೇಳುವುದು ಸುಲಭ. ಸಿಗ್ನಲ್ ಟ್ಯೂಬ್ ಉಪಯೋಗಕ್ಕೆ ಬರುವುದು ಮೇಲೆ ಬಂದಮೇಲೆ. ಕೆಳಗೆ ಡೌನ್ ಕರೆಂಟ್, ಅಂದರೆ ಕೆಳಕ್ಕೆ ಎಳೆಯುವ ಸೆಳೆತ, ಹಿಡಿದರೆ? ನಿಮ್ಮ ಗುಳ್ಳೆಗಳು ಮೇಲೆ ಹೋಗುವ ಬದಲು ಮುಖದ ಮುಂದೆಯೇ ಕೆಳಕ್ಕೆ ಇಳಿಯುತ್ತಿರುತ್ತವೆ. ಕಿವಿ ಒತ್ತುತ್ತದೆ. ಆಳದ ಗೇಜ್ ನೋಡುವಷ್ಟರಲ್ಲಿ 20 ಮೀಟರ್ ಇದ್ದದ್ದು 30 ಆಗಿರುತ್ತದೆ. ಹೊಸಬ ಗಾಬರಿಯಾಗಿ, ಮೈಮೇಲೆ ಹಾಕಿಕೊಂಡ ತೇಲಿಸುವ ಜಾಕೆಟ್‌ಗೆ ಗಾಳಿ ತುಂಬುತ್ತಾನೆ, ಕರೆಂಟ್ ಬಿಟ್ಟ ಕೂಡಲೇ ಬಾಣದ ಹಾಗೆ ಮೇಲಕ್ಕೆ ಹೋಗುತ್ತಾನೆ, ಅದೂ ಜೀವಕ್ಕೆ ಅಪಾಯ.

ಕಲ್ಲೇಡಿ: "ಜಾಕೆಟ್‌ಗೆ ಗಾಳಿ ತುಂಬುತ್ತಾನೆ." ತುಂಬಲೇಬೇಕು! ಅದರಲ್ಲಿ ತಪ್ಪೇನು? ಸುಮ್ನೆ ಕಾಲು ಬಡಿಯುತ್ತಾ 40 ಮೀಟರ್‌ಗೆ ಇಳಿಯಬೇಕಿತ್ತಾ?

ನೀಲಿಫಿನ್: ಬಂಡೆಯ ಗೋಡೆಗೆ ಅಂಟಿಕೊಂಡು, ಕಲ್ಲು ಹಿಡಿದು ಹತ್ತಬೇಕು. ಬಂಡೆಯ ಮೈಗೆ ಹತ್ತಿರದಲ್ಲಿ ನೀರಿನ ವೇಗ ಕಡಿಮೆ. 30 ಮೀಟರ್‌ನಲ್ಲಿ ಒತ್ತಡ 4 ಬಾರ್, 10 ಮೀಟರ್‌ನಲ್ಲಿ 2. ಕೆಳಗೆ ತುಂಬಿದ ಗಾಳಿ ಅಲ್ಲಿಗೆ ಬರುವಷ್ಟರಲ್ಲಿ ಎರಡು ಪಟ್ಟು ಹಿಗ್ಗುತ್ತದೆ. ಶಾಲೆಯಲ್ಲಿ ಓದಿದ ಬಾಯ್ಲನ ನಿಯಮ.

ಕಲ್ಲೇಡಿ: ಬಾಯ್ಲನ ನಿಯಮ ನನಗೂ ಗೊತ್ತು. ಜಾಕೆಟ್‌ಗೆ ಗಾಳಿ ಬಿಡುವ ವಾಲ್ವ್ ಯಾಕಿದೆ, ಅಲಂಕಾರಕ್ಕಾ? ಗಾಳಿ ತುಂಬು, ಎಳೆತ ಸಡಿಲವಾದ ಕ್ಷಣ ಬಿಡು. ಮತ್ತೆ "ಕಲ್ಲು ಹಿಡಿದು" ಅಂದಿರಲ್ಲ, ಕೈಗೆ ಸಿಗುವುದೆಲ್ಲ ಕಲ್ಲೇ ಅಲ್ಲ. ಹವಳ ಮುರಿದು ಕೈಗೆ ಬರುತ್ತದೆ.

ಗುಳ್ಳೆರಾಯ: "ಹವಳ ಮುರಿದು" ಅಂತ ಇಲ್ಲಿ ಹೇಳುವವರೇ ರೀಫ್ ಹುಕ್ (ಹವಳದ ದಿಬ್ಬಕ್ಕೆ ಸಿಕ್ಕಿಸುವ ಹಗ್ಗದ ಕೊಕ್ಕೆ) ಜೇಬಿನಲ್ಲಿಟ್ಟುಕೊಂಡು ಪಲಾವ್ ದ್ವೀಪಗಳಿಗೆ ಹೋಗುತ್ತಾರೆ!

ಕಲ್ಲೇಡಿ: ಪಲಾವ್‌ನ ಬ್ಲೂ ಕಾರ್ನರ್‌ನಲ್ಲಿ ಹುಕ್ ಹಾಕುವುದು ಸತ್ತ ಕಲ್ಲಿನ ಸಂದಿಗೆ. ಹುಕ್ ಹಾಕಿ, ಜಾಕೆಟ್‌ಗೆ *ಸ್ವಲ್ಪ ಗಾಳಿ ತುಂಬಿ*, ಗಾಳಿಪಟದ ಹಾಗೆ ರೀಫ್‌ಗಿಂತ ಮೇಲೆ ನಿಲ್ಲುತ್ತಾರೆ, ಹವಳಕ್ಕೆ ಮೈ ತಾಗದಿರಲಿ ಅಂತ. ನೋಡಿ, ಅಲ್ಲೂ ಗಾಳಿಯೇ.

ನೀಲಿಫಿನ್: ಹುಕ್ ಹಾಕಿ ನಿಂತವನ ಲೆಕ್ಕವನ್ನು ಕೆಳಕ್ಕೆ ಜಾರುವವನಿಗೆ ಹಚ್ಚಿದರೆ ಚರ್ಚೆ ಮುಗಿಯಿತು. ಹುಕ್ ಹಾಕಿದವನು ಹಗ್ಗದಲ್ಲಿ ಕಟ್ಟಿಕೊಂಡಿರುತ್ತಾನೆ, ಅಲ್ವಾ?

ಸೀಗಲ್ಲು: ಇಬ್ಬರೂ ಕೇಳಿ. ಗೋಡೆಯ ಪಕ್ಕ ಬೀಳುವ ನೀರು ಗೋಡೆಯ ಪಕ್ಕವೇ ಬೀಳುತ್ತದೆ. ಗೋಡೆ ಬಿಟ್ಟು ಹೊರಕ್ಕೆ, ನೀಲಿ ನೀರಿಗೆ ಅಡ್ಡಲಾಗಿ ಈಜಿದರೆ ಎಳೆತ ತಪ್ಪುತ್ತದೆ.

ನೀಲಿಫಿನ್: "ನೀಲಿ ನೀರಿಗೆ." ಹೊಸಬನಿಗೆ ಇದನ್ನು ಹೇಳಿಕೊಡಿ ಮೇಡಂ! ಕಣ್ಣಿಗೆ ಗೋಡೆಯೂ ಇಲ್ಲ, ತಳವೂ ಇಲ್ಲ. ಇಳಿಯುತ್ತಿದ್ದೇನೋ ಏರುತ್ತಿದ್ದೇನೋ ತಿಳಿಯುವುದಿಲ್ಲ.

ಸೀಗಲ್ಲು: ಕೈಯಲ್ಲಿ ಆಳ ತೋರಿಸುವ ಡೈವ್ ಕಂಪ್ಯೂಟರ್ ಕಟ್ಟಿಕೊಂಡಿರುವುದು ಅದನ್ನು ನೋಡಲಿಕ್ಕೇ. ಹೊಸಬನಿಗೆ ಕಷ್ಟ ಅನ್ನುವುದು ಬೇರೆ, ವಿಧಾನ ತಪ್ಪು ಅನ್ನುವುದು ಬೇರೆ. ನೀವು ಎರಡನ್ನೂ ಬೆರೆಸುತ್ತಿದ್ದೀರಿ.

ಹದಿನೆಂಟುಮೀಟರ್: ನಮಸ್ಕಾರ, ನಾನು ಹೊಸಬಳು. ಸನ್‌ಫಿಶ್ ನೋಡಲು ನೂಸಾ ಪೆನಿಡಾದ ಕ್ರಿಸ್ಟಲ್ ಬೇ ಕೊಲ್ಲಿಗೆ ಹೋಗುವ ಆಸೆ. ಆಗಸ್ಟ್‌ನಲ್ಲಿ ಹುಣ್ಣಿಮೆ ವಾರಕ್ಕೆ ರಜೆ ಸಿಗುತ್ತದೆ. ಹೋಗಬಹುದಾ?

ತೆರೆಮರಿ: ಹುಣ್ಣಿಮೆ, ಅಮಾವಾಸ್ಯೆ ಹೊತ್ತಿಗೆ ಉಬ್ಬರವಿಳಿತದ ಅಂತರ ದೊಡ್ಡದು, ಕರೆಂಟ್ ಕೂಡ ಜೋರು. ಅಷ್ಟಮಿ ಆಸುಪಾಸಿಗೆ ರಜೆ ಹೊಂದಿಸಿಕೊಳ್ಳಮ್ಮ. ದಿನಕ್ಕಿಂತ ಗಳಿಗೆ ಮುಖ್ಯ. ನೀರು ತಿರುಗುವ ಮುನ್ನ ಸ್ವಲ್ಪ ಹೊತ್ತು ನಿಲ್ಲುತ್ತದೆ, ಆಗ ಇಳಿಸುವ ಗೈಡ್ ಬೇಕು. ಫ್ರೆಂಚ್ ಪಾಲಿನೇಷ್ಯಾದ ರಂಗಿರೋವಾ ದ್ವೀಪದ ತಿಪುಟಾ ಸಂದಿಯನ್ನೇ ನೋಡಿ. ನೀರು ಒಳಗೆ ನುಗ್ಗುವಾಗ ಇಳಿಯುತ್ತಾರೆ. ಹೊರಕ್ಕೆ ಹರಿಯುವಾಗ ಸಂದಿಯ ಬಾಯಲ್ಲಿ ಅಲೆ ಎದ್ದು ನಿಂತಿರುತ್ತದೆ, ಸಿಕ್ಕಿಕೊಂಡವನು ನೇರ ಕಡಲಿಗೆ.

ಕಲ್ಲೇಡಿ: ಕ್ರಿಸ್ಟಲ್ ಬೇ ಡೌನ್ ಕರೆಂಟ್‌ಗೆ ಹೆಸರುವಾಸಿ ತಂಗಿ. ನೀರೂ ತಣ್ಣಗಿರುತ್ತದೆ, ದಪ್ಪ ಸೂಟ್ ಬೇಕು. ಎಳೆದರೆ ಮೊದಲು ಜಾಕೆಟ್‌ಗೆ ಗಾಳಿ. ಮರೀಬೇಡ.

ನೀಲಿಫಿನ್: ದಯವಿಟ್ಟು ಹೊಸಬರ ತಲೆಗೆ ಇದನ್ನು ತುಂಬಬೇಡಿ! ದಪ್ಪ ಸೂಟ್ ಅಂದಿರಿ. ಆಳದಲ್ಲಿ ಅದೂ ಒತ್ತಿಹೋಗಿರುತ್ತದೆ, ಮೇಲೆ ಬಂದಂತೆ ಅದೂ ಉಬ್ಬುತ್ತದೆ. ಜಾಕೆಟ್ ಗಾಳಿಯ ಜೊತೆ ಇದೂ ಸೇರಿದರೆ, ಮೇಲೇರುವಾಗ ನಿಮಿಷಕ್ಕೆ 9 ಮೀಟರ್ ಮೀರಬೇಡಿ ಅನ್ನುವ ಮಾತು ಎಲ್ಲಿ ಉಳಿಯುತ್ತದೆ?

ಕಲ್ಲೇಡಿ: ಸೂಟ್ ಒತ್ತಿಹೋಗಿ ತೇಲುವಿಕೆ ಕಡಿಮೆಯಾಗುತ್ತದೆ ಅಂತ ನೀವೇ ಬರೆದಿರಿ. ಹಾಗಾದರೆ ಆ ಕೊರತೆ ತುಂಬುವುದು ಯಾವುದು? ಗಾಳಿ! ನನ್ನ ಮಾತನ್ನೇ ಹೇಳಿ ನನಗೇ ಪಾಠ.

ನಿರ್ವಾಹಕ: ಇಬ್ಬರೂ ಸ್ವಲ್ಪ ತಣ್ಣಗಾಗಿ. ಮೂಲ ಪ್ರಶ್ನೆ ಹೊಸಬರ ಬಗ್ಗೆ.

ಗುಳ್ಳೆರಾಯ: ಹೌದು, ಆ 50ಕ್ಕೆ ಇನ್ನೂ ಉತ್ತರ ಬಂದಿಲ್ಲ. ನಾನು ಕಾಯ್ತಾ ಇದ್ದೀನಿ.

ನೀಲಿಫಿನ್: 50 ಅಂದರೆ ಪೂಜೆಯ ಮುಹೂರ್ತವಲ್ಲ ರೀ. ಕರೆಂಟ್‌ಗೆ ಮುಖ ಕೊಟ್ಟು ನಿಂತವನು ಪಕ್ಕಕ್ಕೆ ತಿರುಗಿದರೆ ಮಾಸ್ಕ್ ಅದುರಿ ನೀರು ನುಗ್ಗುತ್ತದೆ. ಬಾಯಲ್ಲಿರುವ ರೆಗ್ಯುಲೇಟರಿನ ಗುಂಡಿಯನ್ನು ನೀರೇ ಒತ್ತಿ ಗಾಳಿ ಭುಸ್ಸೆಂದು ಪೋಲಾಗುತ್ತದೆ. ಆಗ ನಗುತ್ತಾ ಮಾಸ್ಕ್ ಸರಿ ಮಾಡಿಕೊಳ್ಳುವವನಿಗೆ 30 ಸಾಕು, ಕಣ್ಣು ಅಗಲಿಸುವವನಿಗೆ 100 ಆದರೂ ಸಾಲದು.

ಗುಳ್ಳೆರಾಯ: "30 ಸಾಕು." ಬೆಳಿಗ್ಗೆ 50, ಈಗ 30. ರಾತ್ರಿಗೆ ಎಷ್ಟಾಗುತ್ತದೋ ಹೇಳಿ, ನಮ್ಮ ಹುಡುಗರನ್ನು ಕರೆತರುತ್ತೇನೆ.

ಹದಿನೆಂಟುಮೀಟರ್: ಹಾಗಾದರೆ ಗಾಳಿ ತುಂಬಬೇಕಾ, ಗೋಡೆ ಹಿಡಿಯಬೇಕಾ, ಹೊರಕ್ಕೆ ಈಜಬೇಕಾ?

ಸೀಗಲ್ಲು: ಗೋಡೆಗೆ ಎಷ್ಟು ಹತ್ತಿರ ಇದ್ದೀರಿ, ಎಷ್ಟು ಆಳದಲ್ಲಿದ್ದೀರಿ, ಟ್ಯಾಂಕಿನಲ್ಲಿ ಗಾಳಿ ಎಷ್ಟಿದೆ ಅನ್ನುವುದರ ಮೇಲೆ. ಮೊದಲು ಗೈಡ್ ಪಕ್ಕ ಬಿಟ್ಟು ಹೋಗಬೇಡಿ. ಇಳಿಯುವ ಮುನ್ನ ದೋಣಿಯಲ್ಲಿ ಇದೇ ಪ್ರಶ್ನೆಯನ್ನು ಅವರಿಗೆ ಕೇಳಿ. ಸೈಟ್ ಅವರದು, ಅಲ್ಲಿ ನೀರು ಎಲ್ಲಿ ಬೀಳುತ್ತದೆ ಅಂತ ಅವರಿಗೆ ಗೊತ್ತು. ಅಲ್ಲಿನ ಮೀನುಗಳನ್ನೂ ನೋಡುತ್ತಿರಿ. ಎಲ್ಲವೂ ಒಂದೇ ಕಡೆ ಮುಖ ಮಾಡಿ ಬಂಡೆಗೆ ಒತ್ತಿಕೊಂಡವು ಅಂದರೆ ಮುಂದೆ ಹೋಗಬೇಡಿ, ಅಲ್ಲೇ ತಿರುಗಿ.

ಕಲ್ಲೇಡಿ: "ಟ್ಯಾಂಕಿನಲ್ಲಿ ಗಾಳಿ ಎಷ್ಟಿದೆ." ಕಾಲು ಬಡಿಯುತ್ತಾ ಕೂತರೆ ಟ್ಯಾಂಕ್ ಖಾಲಿಯಾಗುವುದು ಬೇಗ. ಜಾಕೆಟ್‌ಗೆ ಬೇಕಾಗುವುದು ಅದರಲ್ಲಿ ಚೂರು. ಇದಕ್ಕೂ ನೀಲಿಫಿನ್ ಅವರ ಹತ್ತಿರ ಬಾಯ್ಲನ ನಿಯಮ ಇದೆಯಾ?

ನೀಲಿಫಿನ್: ಇದೆ. ಊಟ ಮಾಡಿ ಬಂದು ಬರೆಯುತ್ತೇನೆ.