ವಿಶ್ವಬ್ಯಾಂಕಿನ ಗುರಿ ಹಿಗ್ಗಿತು, ದುಡ್ಡು ಎಲ್ಲಿಂದ?

ತುಂಗಾತೀರ:
ಯುದ್ಧದಲ್ಲಿ ಹಾಳಾದ ಯುರೋಪನ್ನು ಮತ್ತೆ ಕಟ್ಟಲು 1944ರಲ್ಲಿ ರೂಪುಗೊಂಡ ಬ್ಯಾಂಕು 2023ರಿಂದ ಬಡತನದ ಜೊತೆ ‘ವಾಸಯೋಗ್ಯ ಭೂಮಿ’ಯನ್ನೂ ತನ್ನ ಗುರಿಗೆ ಸೇರಿಸಿಕೊಂಡಿದೆ. ಇಷ್ಟಕ್ಕೆಲ್ಲ ಸದಸ್ಯ ದೇಶಗಳು ಹೊಸದಾಗಿ ಬಂಡವಾಳ ಹಾಕಿದವೇ?

ಜಮಾಖರ್ಚು:
2018ರಲ್ಲಿ ಬಂಡವಾಳ ಹೆಚ್ಚಳಕ್ಕೆ ಒಪ್ಪಿದ್ದವು. 2023ರ ನಂತರ ಹಿಡಿದದ್ದು ಬೇರೆ ದಾರಿ: ಇದ್ದ ಬಂಡವಾಳದ ಮೇಲೆಯೇ ಹೆಚ್ಚು ಸಾಲ. ಐಬಿಆರ್‌ಡಿ (ವಿಶ್ವಬ್ಯಾಂಕಿನ ಮುಖ್ಯ ಸಾಲ ವಿಭಾಗ) ಕೊಡುವ ಪ್ರತಿ 100 ಡಾಲರ್ ಸಾಲಕ್ಕೆ ಕನಿಷ್ಠ 20 ಡಾಲರ್ ಸ್ವಂತ ಬಂಡವಾಳ ಇರಬೇಕಿತ್ತು. 2023ರಲ್ಲಿ ಅದು 19ಕ್ಕೆ, 2024ರಲ್ಲಿ 18ಕ್ಕೆ ಇಳಿಯಿತು. ಅಂದರೆ 100 ಡಾಲರ್ ಬಂಡವಾಳದ ಮೇಲೆ 500 ಡಾಲರ್ ಸಾಲ ಕೊಡುತ್ತಿದ್ದಲ್ಲಿ ಈಗ ಸುಮಾರು 555 ಕೊಡಬಹುದು. ಇದನ್ನು ಬೇಕಾದಷ್ಟು ಇಳಿಸಲು ಬರುವುದಿಲ್ಲ. ಬ್ಯಾಂಕು ಬಾಂಡ್ (ಸಾಲಪತ್ರ) ಮಾರಿ ಹಣ ಎತ್ತುತ್ತದೆ. ಸಾಲ ತೀರಿಸುವ ನಂಬಿಕೆಗೆ ಸಿಗುವ ಅತ್ಯುನ್ನತ ‘ಎಎಎ’ ದರ್ಜೆ ಹೋದರೆ ಅದು ಕೊಡಬೇಕಾದ ಬಡ್ಡಿ ಏರುತ್ತದೆ, ಆ ಹೊರೆ ಸಾಲಗಾರ ದೇಶದ ತಲೆಗೇ ಬರುತ್ತದೆ.

ಬಾಂಡ್ ದುಡ್ಡಿನಿಂದ ತೀರಾ ಬಡ ದೇಶಗಳಿಗೆ ಅಗ್ಗದ ಸಾಲ ಸಾಧ್ಯವಿಲ್ಲ ಅನ್ನುವ ಕಾರಣಕ್ಕೇ 1960ರಲ್ಲಿ ವಿಶ್ವಬ್ಯಾಂಕಿನ ಇನ್ನೊಂದು ವಿಭಾಗ ಐಡಿಎ ಬಂತು. ಅದರ ಮೊದಮೊದಲ ಸಾಲಗಳ ಅವಧಿ 50 ವರ್ಷ, ಮೊದಲ 10 ವರ್ಷ ಅಸಲು ಕಟ್ಟಬೇಕಿಲ್ಲ, ಬಡ್ಡಿಯಿಲ್ಲ, 0.75% ಸೇವಾ ಶುಲ್ಕ ಮಾತ್ರ. ಇದಕ್ಕೆ ಶ್ರೀಮಂತ ದೇಶಗಳು ಸಾಮಾನ್ಯವಾಗಿ 3 ವರ್ಷಕ್ಕೊಮ್ಮೆ ಹಣ ತುಂಬುತ್ತವೆ. ನಿಮ್ಮ ಪ್ರಶ್ನೆಗೆ ಇದೇ ಮುಖ್ಯ. ಗುರಿಯ ವಾಕ್ಯ ಬದಲಾದರೂ ಐಡಿಎ ತುಂಬದಿದ್ದರೆ ಬಡ ದೇಶಕ್ಕೆ ಏನೂ ತಲುಪದು.

ತುಂಗಾತೀರ:
ಯುರೋಪಿನ ಕೆಲಸ ಯಾವಾಗ ಮುಗಿಯಿತು?

ಜಮಾಖರ್ಚು:
ಬೇಗ. 1947ರಲ್ಲಿ ಫ್ರಾನ್ಸಿಗೆ 25 ಕೋಟಿ ಡಾಲರ್, ಅದೇ ಮೊದಲ ಸಾಲ. ಮರುವರ್ಷ ಯುರೋಪಿಗೆ ಅಮೆರಿಕ ನೆರವು ಕೊಟ್ಟ ಮಾರ್ಷಲ್ ಯೋಜನೆ ಬಂದದ್ದರಿಂದ ಆ ಹೊಣೆ ಹಗುರವಾಯಿತು. 1948ರಲ್ಲಿ ಚಿಲಿ, 1949ರಲ್ಲಿ ನಮ್ಮ ರೈಲ್ವೆ ಸಾಲ ಪಡೆದವು.

ನೀರಗಂಟಿ:
ದುಡ್ಡಿನಷ್ಟೇ ಮುಖ್ಯವಾದ ಇನ್ನೊಂದು ಬದಲಾವಣೆ ನಮ್ಮ ನರ್ಮದೆಯಿಂದ ಆದದ್ದು. ಸರ್ದಾರ್ ಸರೋವರಕ್ಕೆ 1985ರಲ್ಲಿ 45 ಕೋಟಿ ಡಾಲರ್ ಮಂಜೂರಾಯಿತು. ಮುಳುಗಡೆಯವರ ಪುನರ್ವಸತಿಯ ಲೆಕ್ಕವೇ ಸರಿಯಿರಲಿಲ್ಲ, 1992ರಲ್ಲಿ ಬ್ಯಾಂಕೇ ನೇಮಿಸಿದ ಸ್ವತಂತ್ರ ಮೋರ್ಸ್ ಸಮಿತಿ ಅದನ್ನು ನೇರವಾಗಿ ಹೇಳಿತು. 1993ರ ಮಾರ್ಚಿನಲ್ಲಿ ಭಾರತ ಉಳಿದ ಕಂತು ಬೇಡವೆಂದಿತು. ಅದೇ ವರ್ಷ ಬ್ಯಾಂಕಿನ ಯೋಜನೆಗಳ ಮೇಲಿನ ದೂರು ವಿಚಾರಿಸುವ ತಪಾಸಣಾ ಮಂಡಳಿ ಸ್ಥಾಪನೆಯಾಯಿತು. ಯೋಜನೆಯಿಂದ ತೊಂದರೆಗೊಳಗಾದ ಇಬ್ಬರು ಸೇರಿದರೂ ಅಲ್ಲಿಗೆ ದೂರು ಕೊಡಬಹುದು. ಆದರೆ ಅದಕ್ಕೂ ಮೊದಲು ಬ್ಯಾಂಕಿನ ಅಧಿಕಾರಿಗಳಿಗೆ ವಿಷಯ ತಿಳಿಸಿರಬೇಕು. ಆ ಪತ್ರದ ಪ್ರತಿಯನ್ನು ಜೋಪಾನವಾಗಿಟ್ಟುಕೊಳ್ಳಿ.